ತಿರುಗುವ ಸರಳಿನ ಮೇಲೆ ದೊಡ್ಡ ಬೀಫ್ ರೋಸ್ಟ್: ಕಟ್ಟುವುದರಿಂದ ಕತ್ತರಿಸುವವರೆಗೆ

ಅಮೆರಿಕದಲ್ಲಿರುವ ನಮ್ಮವರಲ್ಲಿ ಹಿತ್ತಲಿಗೊಂದು ಗ್ಯಾಸ್ ಗ್ರಿಲ್ ಇಟ್ಟುಕೊಂಡವರು ಬೇಕಾದಷ್ಟು ಜನ. ಅದರ ರೋಟಿಸರಿ ಕಿಟ್, ಅಂದರೆ ಮಾಂಸ ಚುಚ್ಚಿ ತಿರುಗಿಸುವ ಸರಳು ಮತ್ತು ಮೋಟರ್, ಮಾತ್ರ ಗ್ಯಾರೇಜಿನಲ್ಲಿ ಡಬ್ಬಿಯೊಳಗೇ ಕೂತಿರುತ್ತದೆ. ಕೋಳಿ ಸುತ್ತಿಸಲು ಧೈರ್ಯ ಮಾಡುವವರೂ ಮೂರು ಕಿಲೋ ಬೀಫ್ ಅಂದರೆ ಹಿಂದೆ ಸರಿಯುತ್ತಾರೆ. ಮಾಂಸ ದುಬಾರಿ, ಮನೆ ತುಂಬ ನೆಂಟರು, ಕೆಟ್ಟರೆ ಏನು ಗತಿ ಅನ್ನುವ ಯೋಚನೆ.

ನನ್ನ ಪ್ರಕಾರ ಇಷ್ಟು ದೊಡ್ಡ ತುಂಡು ಬೇಯಿಸಲು ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ. ಆದರೆ ಬೆಂಕಿ ಹಚ್ಚುವ ಮೊದಲಿನ ಕೆಲಸದಲ್ಲಿ ಅವಸರ ಮಾಡಬಾರದು. ಉಪ್ಪು ಹಿಂದಿನ ದಿನವೇ ಬೀಳಬೇಕು. ದಾರ ಬಿಗಿಯಾಗಿ ಕಟ್ಟಬೇಕು. ಸರಳಿನ ಮೇಲೆ ತೂಕ ಸಮ ಇರಬೇಕು. ಇವಿಷ್ಟು ಸರಿ ಇದ್ದರೆ ಮಿಕ್ಕ ಕೆಲಸ ಮೋಟರ್‌ದು, ಥರ್ಮಾಮೀಟರ್‌ದು.

ಊರಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ಕರ್ನಾಟಕದ 2020ರ ಕಾಯ್ದೆಯ ಪ್ರಕಾರ ಹಸು, ಎತ್ತು, ಕರುಗಳ ವಧೆಗೆ ನಿಷೇಧವಿದೆ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರ ಇದ್ದರೆ, ಅವಕಾಶ. ಅಷ್ಟು ವಯಸ್ಸಾದ ಪ್ರಾಣಿಯ ಮಾಂಸ ಗಟ್ಟಿ. ಸಾರಿಗೆ, ಸುಕ್ಕಕ್ಕೆ ಅದು ಚೆನ್ನಾಗಿ ಒದಗುತ್ತದೆ, ಸರಳಿಗಲ್ಲ. ಹಾಗಾಗಿ ಈ ಬರಹ ಮುಖ್ಯವಾಗಿ ಅಮೆರಿಕದಂಥ ಕಡೆ ಇರುವವರಿಗೆ. ಅಲ್ಲಿನ ಅಂಗಡಿ, ಅಲ್ಲಿನ ಗ್ರಿಲ್ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಯಾವ ತುಂಡು ತರಬೇಕು

ಮೂಳೆ ತೆಗೆದ ರಿಬೈ ರೋಸ್ಟ್ ತನ್ನಿ. ಮೂಳೆ ಸಮೇತ ಇದ್ದರೆ ಅದನ್ನೇ ಪ್ರೈಮ್ ರಿಬ್ ಅನ್ನುತ್ತಾರೆ. ಓವನ್‌ಗೆ ಮೂಳೆ ಇದ್ದರೂ ನಡೆಯುತ್ತದೆ. ಸರಳಿಗೆ ಮೂಳೆ ತಲೆನೋವು, ಯಾಕಂದರೆ ಭಾರವೆಲ್ಲ ಒಂದೇ ಕಡೆ ವಾಲುತ್ತದೆ. ಅಂಗಡಿಯಲ್ಲಿ ಕೇಳಿದರೆ ಮೂಳೆ ಬಿಡಿಸಿ ಬೇರೆ ಕಟ್ಟಿಕೊಡುತ್ತಾರೆ. ಆ ಮೂಳೆ ಬಿಡಬೇಡಿ, ಸೂಪ್‌ಗೆ ಬರುತ್ತದೆ.

ಅಮೆರಿಕದ ಕಟಿಂಗ್‌ನಲ್ಲಿ ಈ ಭಾಗಕ್ಕೆ 6ರಿಂದ 12ನೇ ಪಕ್ಕೆಲುಬಿನವರೆಗೆ ಒಟ್ಟು ಏಳು ಮೂಳೆ. 10ರಿಂದ 12ರ ಕಡೆಯ ತುದಿಯಲ್ಲಿ ನಡುವಿನ ಕಣ್ಣು, ಅಂದರೆ ಮುಖ್ಯ ಸ್ನಾಯು, ದೊಡ್ಡದು, ನೆಣ ಕಡಿಮೆ, ಆಕಾರವೂ ನೀಟು. ಭುಜದ ಕಡೆಯ ತುದಿಯಲ್ಲಿ ನೆಣ ಜಾಸ್ತಿ, ರುಚಿಯೂ ಜಾಸ್ತಿ, ಆದರೆ ಒಳಗೆ ಎರಡು ಮೂರು ಸ್ನಾಯುಗಳು ಬೇರೆ ಬೇರೆಯಾಗಿ ನಿಂತಿರುತ್ತವೆ. ಮೊದಲ ಸಲ ಮಾಡುವವರು 10–12ರ ತುದಿಯನ್ನೇ ಕೇಳಿ. ಗುಣಮಟ್ಟದ ಗ್ರೇಡ್ ಚಾಯ್ಸ್ ಸಾಕು. ಅದಕ್ಕಿಂತ ಮೇಲಿನ ಪ್ರೈಮ್ ಗ್ರೇಡ್ ಸಿಕ್ಕರೆ ಒಳ್ಳೆಯದೇ, ಅನಿವಾರ್ಯ ಅಲ್ಲ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಹತ್ತಿರ ಬಂದಾಗ ಅಂಗಡಿಗಳು ಈ ತುಂಡಿನ ಬೆಲೆ ಇಳಿಸುತ್ತವೆ, ಆಗ ಕಣ್ಣಿಡಿ.

ಬಜೆಟ್ ಕಡಿಮೆ ಇದ್ದರೆ ಸೊಂಟದ ಕಡೆಯ ಟಾಪ್ ಸರ್ಲಾಯಿನ್ ರೋಸ್ಟ್ ಆಗುತ್ತದೆ. ಬ್ರೆಜಿಲ್‌ನವರು ಸರಳಿಗೆ ಚುಚ್ಚುವ ಪಿಕಾನ್ಯಾ ಕೂಡ ಅದೇ ಸರ್ಲಾಯಿನ್‌ನ ಮೇಲಿನ ಪದರ. ಭುಜದ ಚಕ್ ಮತ್ತು ಎದೆಯ ಬ್ರಿಸ್ಕೆಟ್ ಬೇಡ. ಅವುಗಳಲ್ಲಿ ಕೊಲಾಜೆನ್ ಅನ್ನುವ ಗಟ್ಟಿ ನಾರು ಜಾಸ್ತಿ. ಅದು ಕರಗಿ ಮೆತ್ತಗಾಗಬೇಕಾದರೆ ಒಳಗಿನ ಬಿಸಿ 90 ಡಿಗ್ರಿ ಸೆಲ್ಸಿಯಸ್ ದಾಟಿ ಗಂಟೆಗಟ್ಟಲೆ ಕಾಯಬೇಕು. ನಾವು ಇಲ್ಲಿ 55ರ ಸುತ್ತ ನಿಲ್ಲಿಸುವವರು.

ದೊಡ್ಡವರಿಗೆ ತಲಾ 300ರಿಂದ 350 ಗ್ರಾಂ ಹಸಿ ಮಾಂಸ ಹಿಡಿಯಿರಿ. ಮೂರು ಕಿಲೋ, ಅಂದರೆ ಸುಮಾರು ಆರೂವರೆ ಪೌಂಡ್, ಎಂಟೊಂಬತ್ತು ಜನಕ್ಕೆ ಸಾಕು. ಕೊಳ್ಳುವ ಮೊದಲು ನಿಮ್ಮ ರೋಟಿಸರಿ ಎಷ್ಟು ತೂಕ ತಡೆಯುತ್ತದೆ ಅಂತ ಮ್ಯಾನುಯಲ್‌ನಲ್ಲಿ ನೋಡಿ. ಅಡುಗೆಮನೆ ಕಟ್ಟೆಯ ಮೇಲಿಡುವ ಚಿಕ್ಕ ರೋಟಿಸರಿ ಓವನ್‌ನಲ್ಲಿ ತೂಕದ ಜೊತೆ ಜಾಗವೂ ಮುಖ್ಯ. ತಿರುಗುವಾಗ ಮಾಂಸ ಎಲ್ಲೂ ತಾಗಬಾರದು.

ಪ್ಯಾಕೆಟ್ ಮೇಲೆ ಇನ್ನೊಂದು ವಿಷಯ ಓದಿ. ಕೆಲವು ಮಾಂಸವನ್ನು ಮೆತ್ತಗಾಗಲಿ ಅಂತ ಯಂತ್ರದ ಸಣ್ಣ ಬ್ಲೇಡ್‌ಗಳಿಂದ ಚುಚ್ಚಿರುತ್ತಾರೆ. ಹೊರಗಿನ ಬ್ಯಾಕ್ಟೀರಿಯಾ ಆಗ ಒಳಗೆ ಹೋಗಿರಬಹುದು. ಲೇಬಲ್‌ನಲ್ಲಿ ಹಾಗೆ ಬರೆದಿದ್ದರೆ ಅದನ್ನು ಗುಲಾಬಿ ಬಣ್ಣದಲ್ಲಿ ತಿನ್ನುವ ಆಸೆ ಬಿಡಿ.

ಉಪ್ಪು, ಒಂದು ದಿನ ಮೊದಲು

ಮಾಂಸ ತೊಳೆಯಬೇಡಿ. ನಮಗೆ ತೊಳೆಯದೆ ಸಮಾಧಾನ ಇಲ್ಲ, ಗೊತ್ತು. ಆದರೆ ತೊಳೆದರೆ ಸಿಂಕ್, ಕಟ್ಟೆ ಎಲ್ಲ ಕಡೆ ಹಸಿ ಮಾಂಸದ ನೀರು ಸಿಡಿಯುತ್ತದೆ, ಅಷ್ಟೇ ಲಾಭ. ಟಿಶ್ಯೂ ಪೇಪರ್‌ನಿಂದ ಚೆನ್ನಾಗಿ ಒರೆಸಿ ಸಾಕು.

ಮೇಲಿನ ನೆಣದ ಪದರ ದಪ್ಪ ಇದ್ದರೆ ಅರ್ಧ ಸೆಂಟಿಮೀಟರ್‌ಗೆ ಇಳಿಸಿ. ಪೂರ್ತಿ ತೆಗೆಯಬೇಡಿ. ತಿರುಗುವಾಗ ಕರಗಿ ಮಾಂಸಕ್ಕೆ ಎಣ್ಣೆ ಸವರುವುದು ಅದೇ.

ಕಿಲೋಗೆ 12 ಗ್ರಾಂ ಉಪ್ಪು. ಮೂರು ಕಿಲೋಗೆ 36 ಗ್ರಾಂ. ಚಮಚದ ಲೆಕ್ಕ ನಂಬಬೇಡಿ. ದಪ್ಪ ಹರಳಿನ ಕೋಶರ್ ಉಪ್ಪು ಹಗುರ, ಪುಡಿ ಉಪ್ಪು ಭಾರ. ಒಂದೇ ಚಮಚದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು ವ್ಯತ್ಯಾಸ ಬರಬಹುದು. ತಕ್ಕಡಿ ಇಟ್ಟುಕೊಳ್ಳಿ. ಎಲ್ಲ ಕಡೆ, ಎರಡು ತುದಿಗೂ ಸೇರಿಸಿ ಸವರಿ. ತಂತಿಯ ಸ್ಟ್ಯಾಂಡ್ ಮೇಲಿಟ್ಟು, ಕೆಳಗೊಂದು ತಟ್ಟೆ ಇಟ್ಟು, ಮುಚ್ಚದೆ ಫ್ರಿಜ್‌ನಲ್ಲಿ 24 ಗಂಟೆ ಬಿಡಿ. 48 ಆದರೂ ಸರಿ.

ಮೊದಲು ಉಪ್ಪು ನೀರನ್ನು ಹೊರಗೆಳೆಯುತ್ತದೆ, ಮಾಂಸ ಒದ್ದೆಯಾಗಿ ಹೊಳೆಯುತ್ತದೆ. ಆಮೇಲೆ ಆ ನೀರಲ್ಲಿ ಕರಗಿದ ಉಪ್ಪು ನಿಧಾನಕ್ಕೆ ಒಳಗಿಳಿಯುತ್ತದೆ. ಮಾರನೇ ದಿನ ಮುಟ್ಟಿ ನೋಡಿದರೆ ಮೇಲ್ಮೈ ಒಣಗಿ, ಬಣ್ಣ ಗಾಢವಾಗಿ, ಸ್ವಲ್ಪ ಅಂಟಂಟಾಗಿರುತ್ತದೆ. ಹೀಗೇ ಇರಬೇಕು. ಒದ್ದೆ ಮೇಲ್ಮೈ ಮೊದಲು ಬೇಯುತ್ತದೆ, ಒಣ ಮೇಲ್ಮೈ ನೇರವಾಗಿ ಕಂದು ಹಿಡಿಯುತ್ತದೆ.

ಮಸಾಲೆ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಕೊಡಗಿನ ಕರಿಮೆಣಸು ಮನೆಯಲ್ಲಿದ್ದರೆ ತರಿತರಿಯಾಗಿ ಕುಟ್ಟಿ, ಸರಳಿಗೆ ಏರಿಸುವ ಮೊದಲು ಧಾರಾಳವಾಗಿ ಹಚ್ಚಿ. ಜಜ್ಜಿದ ಬೆಳ್ಳುಳ್ಳಿ, ರೋಸ್‌ಮೇರಿ ಸ್ವಲ್ಪ ಎಣ್ಣೆಯಲ್ಲಿ ಕಲಸಿ ಸವರಬಹುದು. ಖಾರದ ಪುಡಿ, ಗರಂ ಮಸಾಲೆ, ಸಕ್ಕರೆ ಇರುವ ರೆಡಿಮೇಡ್ ಪುಡಿಗಳು ಎರಡು ಗಂಟೆ ಬೆಂಕಿ ಎದುರು ಕಪ್ಪಾಗಿ ಕಹಿಯಾಗುತ್ತವೆ. ಅವುಗಳ ಆಸೆ ಇದ್ದರೆ ಪಕ್ಕದಲ್ಲಿ ಒಂದು ಚಟ್ನಿ ಮಾಡಿ.

ದಾರ ಕಟ್ಟುವುದು

ದಪ್ಪ ಹತ್ತಿ ದಾರವೇ ಬೇಕು. ನೈಲಾನ್ ಕರಗುತ್ತದೆ. ಕಟ್ಟುವ ಉದ್ದೇಶ ಒಂದೇ: ತುಂಡು ಒನಕೆಯ ಹಾಗೆ ತುದಿಯಿಂದ ತುದಿಗೆ ಒಂದೇ ದಪ್ಪ ಇರಬೇಕು. ಒಂದು ಕಡೆ ತೆಳು, ಒಂದು ಕಡೆ ದಪ್ಪ ಇದ್ದರೆ ಒಂದೇ ಹೊತ್ತಿಗೆ ಬೇಯಲ್ಲ.

ಮೊದಲ ಗಂಟು ನಡುವೆ ಹಾಕಿ. ಆಮೇಲೆ ಎರಡು ತುದಿಗಳಲ್ಲಿ. ನಂತರ ಮಧ್ಯದ ಜಾಗಗಳನ್ನು ಮೂರು ನಾಲ್ಕು ಸೆಂಟಿಮೀಟರ್‌ಗೊಂದರಂತೆ ತುಂಬಿ. ಗಂಟು ಹಾಕುವಾಗ ದಾರವನ್ನು ಒಂದರ ಬದಲು ಎರಡು ಸಲ ಸುತ್ತಿ ಎಳೆದರೆ, ಎರಡನೇ ಗಂಟು ಹಾಕುವಷ್ಟರಲ್ಲಿ ಮೊದಲನೆಯದು ಜಾರುವುದಿಲ್ಲ. ದಾರದ ಕೆಳಗೆ ಬೆರಳು ತೂರಿಸಲು ಕಷ್ಟ ಆಗಬೇಕು. ಮಾಂಸ ಕೊರೆದುಹೋಗುವಷ್ಟು ಬಿಗಿಯೂ ಬೇಡ. ಜೋತಾಡುವ ದಾರದ ತುದಿಗಳನ್ನು ಕತ್ತರಿಸಿಬಿಡಿ, ಇಲ್ಲದಿದ್ದರೆ ಅವೇ ಮೊದಲು ಹೊತ್ತಿಕೊಳ್ಳುತ್ತವೆ.

ಸರಳಿಗೆ ಏರಿಸುವುದು

ಇಡೀ ಅಡುಗೆಯಲ್ಲಿ ಜಾಸ್ತಿ ಗಮನ ಕೊಡಬೇಕಾದ ಹಂತ ಇದು.

ಮೊದಲು ಒಂದು ಫೋರ್ಕನ್ನು (ಮಾಂಸವನ್ನು ಸರಳಿಗೆ ಹಿಡಿದಿಡುವ ಮುಳ್ಳಿನ ಹಿಡಿಕೆ) ಸರಳಿನ ಹಿಂಬದಿಗೆ ಹಾಕಿ, ಮುಳ್ಳುಗಳು ಮಾಂಸದ ಕಡೆಗೆ ಇರಲಿ. ಉದ್ದನೆಯ ತೆಳು ಚಾಕುವಿನಿಂದ ತುಂಡಿನ ಎರಡೂ ತುದಿಗಳಲ್ಲಿ, ಸರಿಯಾಗಿ ಮಧ್ಯಕ್ಕೆ, ಒಂದೊಂದು ಸಣ್ಣ ದಾರಿ ಮಾಡಿ. ಈಗ ಸರಳನ್ನು ನೇರವಾಗಿ ತಳ್ಳಿ. ಅರ್ಧ ಹೋದ ಮೇಲೆ ನಿಲ್ಲಿಸಿ, ಅದು ಓರೆ ಹೋಗುತ್ತಿದೆಯಾ ಅಂತ ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿ. ಸರಳು ಹೊರಬಂದ ಮೇಲೆ ಎರಡನೇ ಫೋರ್ಕ್ ಹಾಕಿ, ಎರಡನ್ನೂ ಮಾಂಸಕ್ಕೆ ಒತ್ತಿ. ಮುಳ್ಳುಗಳು ಐದು ಸೆಂಟಿಮೀಟರ್ ಆದರೂ ಒಳಗೆ ಹೋಗಬೇಕು. ಸ್ಕ್ರೂ ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಇಕ್ಕಳದಿಂದ ಇನ್ನೊಂದು ಕಾಲು ಸುತ್ತು.

ಈಗ ತೂಕದ ಪರೀಕ್ಷೆ. ಸರಳಿನ ಎರಡು ತುದಿಗಳನ್ನು ಎರಡು ಅಂಗೈಗಳ ಮೇಲೆ ಸಡಿಲವಾಗಿ ಇಟ್ಟುಕೊಳ್ಳಿ. ಹಿಡಿಯಬೇಡಿ, ಸುಮ್ನೆ ಇಟ್ಟುಕೊಳ್ಳಿ. ತುಂಡು ತಾನಾಗಿ ಹೊರಳಿ ಒಂದು ಕಡೆ ನಿಲ್ಲುತ್ತದೆ. ಕೆಳಗೆ ಬಂದಿದ್ದು ಭಾರದ ಬದಿ. ಕಾಲು ಸುತ್ತು ತಿರುಗಿಸಿ ಮತ್ತೆ ಬಿಡಿ. ಪ್ರತಿ ಸಲವೂ ಅದೇ ಬದಿ ದಡಕ್ಕನೆ ಕೆಳಗೆ ಬಂದರೆ ಸರಳು ನಡುವೆ ಹೋಗಿಲ್ಲ ಅಂತ ಅರ್ಥ. ಬಿಚ್ಚಿ, ಭಾರದ ಬದಿಗೆ ಒಂದು ಸೆಂಟಿಮೀಟರ್ ಸರಿಸಿ ಮತ್ತೆ ಚುಚ್ಚಿ. ನಿಧಾನಕ್ಕೆ ತೂಗಿ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ಹಾಗಾದರೆ ಗೆದ್ದಿರಿ.

ಪೂರ್ತಿ ಸಮ ಆಗುವುದು ಅಪರೂಪ. ಸ್ವಲ್ಪ ವ್ಯತ್ಯಾಸ ಇದ್ದರೆ ಕಿಟ್ ಜೊತೆ ಬರುವ ಕೌಂಟರ್‌ವೇಟ್ (ಭಾರ ಸರಿದೂಗಿಸುವ ಲೋಹದ ತೂಕ) ಇದೆಯಲ್ಲ, ಅದು ಇದಕ್ಕೇ. ಮೋಟರ್‌ಗೆ ಸಿಕ್ಕಿಸದೆ ಸರಳನ್ನು ಗ್ರಿಲ್‌ನ ಕೊಕ್ಕೆಗಳ ಮೇಲಿಡಿ. ಭಾರದ ಬದಿ ಕೆಳಗೆ ಬಂದು ನಿಂತಾಗ, ಕೌಂಟರ್‌ವೇಟ್ ನೇರ ಮೇಲಕ್ಕೆ ಮುಖ ಮಾಡುವ ಹಾಗೆ ಬಿಗಿ ಮಾಡಿ.

ಇಷ್ಟೆಲ್ಲ ಯಾಕೆ? ಭಾರ ಒಂದು ಕಡೆ ಇದ್ದರೆ ಮೋಟರ್ ಮೇಲೇರಿಸುವಾಗ ಏದುಸಿರು ಬಿಡುತ್ತದೆ, ಕೆಳಗಿಳಿಯುವಾಗ ಮಾಂಸ ಧೊಪ್ಪನೆ ಬೀಳುತ್ತದೆ. ಪ್ರತಿ ಸುತ್ತಿನಲ್ಲೂ ಆ ಕುಲುಕಾಟಕ್ಕೆ ಫೋರ್ಕ್ ಹಿಡಿದ ರಂಧ್ರ ದೊಡ್ಡದಾಗುತ್ತದೆ. ಕೊನೆಗೆ ಸರಳು ಮಾತ್ರ ತಿರುಗಿ, ಮಾಂಸ ಅಲ್ಲೇ ನಿಲ್ಲುತ್ತದೆ. ಬೆಂಕಿಯ ಕಡೆ ಮುಖ ಮಾಡಿದ್ದು ಕರಟುತ್ತದೆ, ಇನ್ನೊಂದು ಬದಿ ಹಸಿ.

ಮೋಟರ್ ಇಲ್ಲದ ಕಾಲದಲ್ಲಿ ಇಂಗ್ಲೆಂಡ್‌ನ ಅಡುಗೆಮನೆಗಳಲ್ಲಿ ಸರಳು ತಿರುಗಿಸಲು ಗೋಡೆಯ ಮೇಲೊಂದು ಚಕ್ರ ಹಾಕಿ, ಅದರೊಳಗೆ ನಾಯಿಯನ್ನು ಓಡಿಸುತ್ತಿದ್ದರು. ಅದಕ್ಕೇ ಬೆಳೆಸಿದ ಗಿಡ್ಡ ಕಾಲಿನ ಒಂದು ತಳಿಯೇ ಇತ್ತು. ಈಗ ಆ ತಳಿ ಇಲ್ಲ. ವೇಲ್ಸ್‌ನ ಅಬರ್ಗವೆನಿ ಮ್ಯೂಸಿಯಂನಲ್ಲಿ ಅಂಥ ಒಂದು ನಾಯಿಯ ದೇಹವನ್ನು ಕಾಪಾಡಿ ಇಟ್ಟಿದ್ದಾರೆ. ಆ ಬಡಪಾಯಿ ಗಂಟೆಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಪುಟ್ಟ ಮೋಟರ್ ಮಾಡುತ್ತದೆ. ಭಾರ ಸಮ ಮಾಡಿಕೊಟ್ಟು ಅದಕ್ಕೆ ಸಹಾಯ ಮಾಡೋಣ.

ಬೆಂಕಿ

ಮಾಂಸದ ನೇರ ಕೆಳಗೆ ಬೆಂಕಿ ಇರಬಾರದು. ಇದೊಂದು ನಿಯಮ ಗ್ಯಾಸ್‌ಗೂ ಇದ್ದಿಲಿಗೂ ಒಂದೇ.

ಗ್ಯಾಸ್ ಗ್ರಿಲ್ ಆದರೆ ಒಳಗಿನ ಜಾಲರಿಗಳನ್ನು ತೆಗೆದುಬಿಡಿ, ಜಾಗ ಸಿಗುತ್ತದೆ. ನಡುವೆ ಅಲ್ಯೂಮಿನಿಯಂ ತಟ್ಟೆ ಇಟ್ಟು ಅದರಲ್ಲಿ ಎರಡು ಮೂರು ಲೋಟ ನೀರು ಹಾಕಿ. ಎರಡು ಕೊನೆಯ ಬರ್ನರ್‌ಗಳನ್ನು ಹಚ್ಚಿ, ನಡುವಿನವು ಆಫ್. ಮುಚ್ಚಳ ಹಾಕಿದಾಗ ಒಳಗೆ 150ರಿಂದ 165 ಡಿಗ್ರಿ ಸೆಲ್ಸಿಯಸ್ ಇರಬೇಕು. ಫ್ಯಾರನ್‌ಹೀಟ್‌ನಲ್ಲಿ 300ರಿಂದ 325. ಕೆಲವು ಗ್ರಿಲ್‌ಗಳಲ್ಲಿ ಹಿಂಬದಿಯ ಗೋಡೆಗೆ ಇನ್ಫ್ರಾರೆಡ್ ಬರ್ನರ್ ಇರುತ್ತದೆ. ಅದು ಬಹಳ ಜೋರು. ಎರಡು ಗಂಟೆ ಪೂರ್ತಿ ಅದನ್ನು ಉರಿಸಬೇಡಿ, ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ. ಕೊನೆಯಲ್ಲಿ ಬಣ್ಣ ಸಾಲದು ಅನ್ನಿಸಿದರೆ ಐದು ಹತ್ತು ನಿಮಿಷ ಹಚ್ಚಿ.

ಇದ್ದಿಲಿನ ಕೆಟಲ್ ಗ್ರಿಲ್ ಆದರೆ ಕೆಂಡವನ್ನು ಎರಡು ಬದಿಗೆ ಪೇರಿಸಿ, ನಡುವೆ ತಟ್ಟೆ. ಮುಕ್ಕಾಲು ಗಂಟೆಗೊಮ್ಮೆ ಎರಡೂ ಕಡೆ ಕೈತುಂಬ ಇದ್ದಿಲು ಸೇರಿಸುತ್ತಿರಬೇಕು. ಓಕ್ ಮರದ ಒಂದು ತುಂಡು ಕೆಂಡದ ಮೇಲಿಟ್ಟರೆ ಹೊಗೆಯ ಪರಿಮಳ ಹಿತವಾಗಿ ಬರುತ್ತದೆ. ಒಂದೇ ಸಾಕು. ರುಚಿಯ ಮಟ್ಟಿಗೆ ನನ್ನ ಓಟು ಇದ್ದಿಲಿಗೆ, ನೆಂಟರು ಬರುವ ದಿನದ ಮಟ್ಟಿಗೆ ಗ್ಯಾಸ್‌ಗೆ.

ಮೋಟರ್ ವೈರ್ ಬಿಸಿ ಜಾಗಕ್ಕೆ ತಾಗದಿರಲಿ. ಎಕ್ಸ್‌ಟೆನ್ಶನ್ ಬೇಕಾದರೆ ಹೊರಾಂಗಣಕ್ಕೆಂದೇ ಮಾಡಿದ್ದನ್ನು ಬಳಸಿ.

ಏಳು ಗಂಟೆಗೆ ಊಟ ಅಂದರೆ ಮೂರೂವರೆಗೆ ಗ್ರಿಲ್ ಹಚ್ಚಿ, ನಾಲ್ಕಕ್ಕೆ ಮಾಂಸ ಏರಿಸಿ. ಎರಡು ಗಂಟೆ ಆಚೀಚೆ ಬೇಯಲು, ಅರ್ಧ ಗಂಟೆ ವಿಶ್ರಾಂತಿಗೆ. ಬೇಗ ಆದರೆ ಚಿಂತೆ ಇಲ್ಲ, ಮುಚ್ಚಿಟ್ಟರೆ ಬಿಸಿ ನಿಲ್ಲುತ್ತದೆ. ಮಾಂಸವನ್ನು ಗಂಟೆಗಟ್ಟಲೆ ಮೊದಲೇ ಫ್ರಿಜ್‌ನಿಂದ ತೆಗೆದಿಡಬೇಕು ಅನ್ನುವ ಮಾತಿದೆ. ಮೂರು ಕಿಲೋ ತುಂಡಿನ ಒಳಗೆ ಅಷ್ಟರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲ್ಲ. ಕಟ್ಟಿ, ಚುಚ್ಚಲು ಹಿಡಿಯುವ ಹೊತ್ತೇ ಸಾಕು.

ತಿರುಗಲು ಬಿಟ್ಟ ಮೇಲೆ

ಮೊದಲ ಇಪ್ಪತ್ತು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ನೆಣ ಬೆವರಲು ಶುರು. ಸಣ್ಣ ಹನಿಯೊಂದು ಮೇಲಿನಿಂದ ಇಳಿಯುತ್ತದೆ, ಕೆಳಗೆ ಬಿದ್ದೇಬಿಡುತ್ತದೆ ಅನ್ನುವಷ್ಟರಲ್ಲಿ ಆ ಬದಿ ಮತ್ತೆ ಮೇಲಕ್ಕೆ ಬರುತ್ತದೆ, ಹನಿ ಇನ್ನೊಂದು ದಿಕ್ಕಿಗೆ ಹರಿಯುತ್ತದೆ. ಓವನ್‌ನಲ್ಲಿ ತಟ್ಟೆಗೆ ಸೋರಿಹೋಗುವ ಕೊಬ್ಬು ಇಲ್ಲಿ ಮಾಂಸದ ಮೈಮೇಲೇ ಸುತ್ತುತ್ತದೆ. ಹಾಗಾಗಿ ಬೆಣ್ಣೆ ಸವರುತ್ತಾ ಕೂರುವ ಅಗತ್ಯ ಇಲ್ಲ. ಪ್ರತಿ ಸಲ ಮುಚ್ಚಳ ತೆಗೆದಾಗ ಬಿಸಿ ಹಾರಿಹೋಗುತ್ತದೆ, ಅದೇ ನಷ್ಟ.

ಕೊನೆಗೆ ಥರ್ಮಾಮೀಟರ್ ಚುಚ್ಚುವುದು ಬಿಟ್ಟರೆ, ಮುಚ್ಚಳ ತೆಗೆಯಲು ಎರಡೇ ಕಾರಣ ಇಟ್ಟುಕೊಳ್ಳಿ. ಒಂದು, ತಟ್ಟೆಯ ನೀರು ಆರಿಹೋದರೆ ಸುರಿಯಲು. ನೀರಿಲ್ಲದಿದ್ದರೆ ಬಿದ್ದ ಕೊಬ್ಬು ಸುಟ್ಟು ಕಪ್ಪು ಹೊಗೆ ಬರುತ್ತದೆ, ಹೊತ್ತಿಕೊಳ್ಳಲೂಬಹುದು. ಬಿಸಿ ತಟ್ಟೆಗೆ ನಿಧಾನವಾಗಿ, ಅಂಚಿನಿಂದ ಸುರಿಯಿರಿ. ಎರಡು, ಅರ್ಧ ದಾರಿಯಲ್ಲಿ ಫೋರ್ಕ್ ಬಿಗಿ ಮಾಡಲು. ಬೇಯುತ್ತಾ ಮಾಂಸ ಕುಗ್ಗುತ್ತದೆ, ಹಿಡಿತ ಸಡಿಲಾಗುತ್ತದೆ. ಮೋಟರ್ ನಿಲ್ಲಿಸಿ, ದಪ್ಪ ಕೈಗವಸು ಹಾಕಿಕೊಂಡು, ಫೋರ್ಕನ್ನು ಒಳಕ್ಕೆ ಒತ್ತಿ ಮತ್ತೆ ಸ್ಕ್ರೂ ಬಿಗಿ ಮಾಡಿ.

ಗಡಿಯಾರ ಬಿಡಿ, ಥರ್ಮಾಮೀಟರ್ ಹಿಡಿಯಿರಿ

ಪೌಂಡ್‌ಗೆ ಇಷ್ಟು ನಿಮಿಷ ಅನ್ನುವ ಪಟ್ಟಿಗಳು ತುಂಬಾ ಸಿಗುತ್ತವೆ. ಬೇಯುವ ಹೊತ್ತನ್ನು ತೀರ್ಮಾನಿಸುವುದು ತುಂಡಿನ ದಪ್ಪ, ಉದ್ದ ಅಲ್ಲ. ಅದೇ ದಪ್ಪದ ಎರಡು ಕಿಲೋ ತುಂಡಿಗೂ ನಾಲ್ಕು ಕಿಲೋ ತುಂಡಿಗೂ ಹೆಚ್ಚುಕಡಿಮೆ ಒಂದೇ ಸಮಯ. ಪಟ್ಟಿಯ ಲೆಕ್ಕ ನಂಬಿದರೆ ಉದ್ದನೆಯ ತುಂಡು ಒಣಗಿಹೋಗುತ್ತದೆ.

ಒಂದು ಗಂಟೆ ಆದ ಮೇಲೆ ನೋಡಲು ಶುರು ಮಾಡಿ. ವೈರ್ ಇರುವ ಪ್ರೋಬ್ ಇಲ್ಲಿ ಆಗಲ್ಲ, ಸರಳಿಗೆ ಸುತ್ತಿಕೊಳ್ಳುತ್ತದೆ. ವೈರ್‌ಲೆಸ್ ಪ್ರೋಬ್ ಅಥವಾ ಚುಚ್ಚಿದ ತಕ್ಷಣ ತೋರಿಸುವ ಡಿಜಿಟಲ್ ಥರ್ಮಾಮೀಟರ್ ಬೇಕು. ಮೋಟರ್ ನಿಲ್ಲಿಸಿ, ಬದಿಯಿಂದ ದಪ್ಪ ಭಾಗಕ್ಕೆ ಚುಚ್ಚಿ. ತುದಿ ಸರಳಿಗೆ ತಾಗಬಾರದು. ಸರಳು ಲೋಹ, ಅದೇ ಬಿಸಿ ಒಳಗೆ ಒಯ್ಯುತ್ತದೆ, ತಾಗಿದರೆ ಸುಳ್ಳು ಅಂಕಿ ಬರುತ್ತದೆ. ಮೂರು ಕಡೆ ನೋಡಿ, ಅತಿ ಕಡಿಮೆ ಬಂದ ಅಂಕಿಯನ್ನು ನಂಬಿ. ಅರ್ಧ ನಿಮಿಷದೊಳಗೆ ಮುಗಿಸಿ ಮೋಟರ್ ಮತ್ತೆ ಹಾಕಿ.

ಕೆಳಗಿಳಿಸಿದ ಮೇಲೂ ಒಳಗಿನ ಬಿಸಿ ನಾಲ್ಕೈದು ಡಿಗ್ರಿ ಏರುತ್ತದೆ. ಮೀಡಿಯಂ ರೇರ್, ಅಂದರೆ ಒಳಗೆ ಗುಲಾಬಿ, ಬೇಕಾದರೆ 50–51 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, 55ಕ್ಕೆ ಬಂದು ನಿಲ್ಲುತ್ತದೆ. ಇನ್ನೂ ಸ್ವಲ್ಪ ಬೆಂದ ಮೀಡಿಯಂಗೆ 56ಕ್ಕೆ ಇಳಿಸಿ. ಅಮೆರಿಕದ ಕೃಷಿ ಇಲಾಖೆ ಇಡಿಯಾದ ಬೀಫ್ ತುಂಡಿಗೆ ಹೇಳುವುದು 63 ಡಿಗ್ರಿ, ಅಂದರೆ 145 ಫ್ಯಾರನ್‌ಹೀಟ್, ಜೊತೆಗೆ ಮೂರು ನಿಮಿಷ ವಿಶ್ರಾಂತಿ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಕಾಯಿಲೆಯಿಂದ ಏಳುತ್ತಿರುವವರಿಗೆ ಅದೇ ಅಂಕಿ. ಬ್ಲೇಡ್‌ನಿಂದ ಚುಚ್ಚಿದ ಮಾಂಸಕ್ಕೂ ಅದೇ. ಇದರಲ್ಲಿ ರಾಜಿ ಬೇಡ.

ನಮ್ಮ ಕಡೆಯವರ ಮನೆಯಲ್ಲಿ ಇದೊಂದು ದೊಡ್ಡ ಪ್ರಶ್ನೆ ಅಲ್ವಾ? ಒಳಗೆ ಗುಲಾಬಿ ಕಂಡರೆ ಅರ್ಧ ಜನ ತಟ್ಟೆ ಸರಿಸುತ್ತಾರೆ. ಹರಿಯುವ ಕೆಂಪು ನೀರು ರಕ್ತ ಅಲ್ಲ. ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಬೆರೆತ ನೀರು ಅದು. ಇದನ್ನು ಹೇಳಿದರೂ ಎಲ್ಲರೂ ಒಪ್ಪಬೇಕಿಲ್ಲ. ಖುಷಿಯ ವಿಷಯ ಏನೆಂದರೆ ಒಂದೇ ರೋಸ್ಟ್‌ನಲ್ಲಿ ಎರಡೂ ಸಿಗುತ್ತದೆ. ನಡುಭಾಗ 55ರಲ್ಲಿದ್ದಾಗ ಎರಡು ತುದಿಗಳು ಜಾಸ್ತಿ ಬೆಂದಿರುತ್ತವೆ. ಅವನ್ನು ಚೆನ್ನಾಗಿ ಬೆಂದದ್ದೇ ಬೇಕು ಅನ್ನುವವರಿಗೆ ಕೊಡಿ. ಅದೂ ಸಾಲದಿದ್ದರೆ ಅವರ ಹೋಳುಗಳನ್ನು ಕುದಿಯುವ ರಸದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಗುಲಾಬಿ ಮಾಯವಾಗುತ್ತದೆ. ಬಲವಂತ ಮಾಡಿ ತಿನ್ನಿಸುವುದಕ್ಕಿಂತ ಇದು ಮೇಲು.

ಇಳಿಸುವುದು, ಕತ್ತರಿಸುವುದು

ಸರಳು ಕಾದು ಕೆಂಡದ ಹಾಗೆ ಇರುತ್ತದೆ. ಎರಡೂ ಕೈಗೆ ಗವಸು ಬೇಕು, ದಾರಿಯಲ್ಲಿ ಮಕ್ಕಳು ಇರಬಾರದು. ಅಂಚಿರುವ ದೊಡ್ಡ ಟ್ರೇ ಮೊದಲೇ ಪಕ್ಕದಲ್ಲಿ ಇಟ್ಟಿರಿ. ಇಳಿಸಿ ಹತ್ತು ನಿಮಿಷ ಸರಳು ಸಮೇತ ಬಿಡಿ. ಆಮೇಲೆ ಸ್ಕ್ರೂ ಸಡಿಲಿಸಿ, ಒಂದು ಫೋರ್ಕ್ ತೆಗೆದು, ಸರಳನ್ನು ಹೊರಗೆಳೆಯಿರಿ. ಫಾಯಿಲ್ ಸಡಿಲವಾಗಿ ಹೊದಿಸಿ ಇನ್ನೊಂದು ಹದಿನೈದು ಇಪ್ಪತ್ತು ನಿಮಿಷ. ಬಿಗಿಯಾಗಿ ಸುತ್ತಿದರೆ ಹಬೆಗೆ ಮೇಲಿನ ಗರಿಗರಿ ಮೆತ್ತಗಾಗುತ್ತದೆ.

ದಾರಗಳನ್ನು ಎಣಿಸಿ ತೆಗೆಯಿರಿ, ಒಂದೂ ಊಟದ ತಟ್ಟೆಗೆ ಹೋಗಬಾರದು. ಉದ್ದನೆಯ ಹರಿತ ಚಾಕು ತೆಗೆದುಕೊಂಡು ಎಳೆಗೆ ಅಡ್ಡವಾಗಿ, ಒಂದು ಸೆಂಟಿಮೀಟರ್ ದಪ್ಪಕ್ಕೆ ಕೊಯ್ಯಿರಿ. ಒತ್ತಬೇಡಿ, ಎಳೆಯಿರಿ. ನಡುವೆ ಸರಳಿನ ಚಿಕ್ಕ ತೂತು ಕಾಣುತ್ತದೆ, ಅದರ ಸುತ್ತ ಸ್ವಲ್ಪ ಬಣ್ಣ ಬದಲಾಗಿರುತ್ತದೆ. ತಪ್ಪೇನಲ್ಲ.

ಗ್ರಿಲ್‌ನ ತಟ್ಟೆಯಲ್ಲಿ ಉಳಿದ ರಸವನ್ನು ಸೋಸಿ, ಮೇಲೆ ತೇಲುವ ಕೊಬ್ಬನ್ನು ತೆಗೆದಿಡಿ. ಮಾರನೇ ದಿನ ಆಲೂಗಡ್ಡೆ ಹುರಿಯಲು ಅದಕ್ಕಿಂತ ರುಚಿಯ ಎಣ್ಣೆ ಇಲ್ಲ. ರಸವನ್ನು ಒಂದು ಈರುಳ್ಳಿ ಹೋಳು, ಎರಡು ಎಸಳು ಬೆಳ್ಳುಳ್ಳಿ ಜೊತೆ ಕುದಿಸಿ ಅರ್ಧಕ್ಕೆ ಇಳಿಸಿ. ರುಚಿ ನೋಡದೆ ಉಪ್ಪು ಹಾಕಬೇಡಿ. ಪಂದಿಕರಿಗೆ ಅಂತ ತಂದಿಟ್ಟ ಕಾಚಂಪುಳಿ ಶೀಸೆ ಇದ್ದರೆ ಅರ್ಧ ಚಮಚ ಬಿಡಿ. ಆ ಕಪ್ಪು ಹುಳಿ ಕೊಬ್ಬಿನ ಮಾಂಸಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ನಾನು ಈಗ ವಿನೆಗರ್ ಮುಟ್ಟುವುದೇ ಇಲ್ಲ.

ಉಳಿದ ಮಾಂಸ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು. ಇಡಿಯಾಗಿ ಇಟ್ಟು, ಬೇಕಾದಾಗ ತಣ್ಣಗೇ ತೆಳ್ಳಗೆ ಕೊಯ್ದು ಬ್ರೆಡ್ ನಡುವೆ ಇಟ್ಟರೆ ಚೆನ್ನ. ಮತ್ತೆ ಬಿಸಿ ಮಾಡಲೇಬೇಕಾದರೆ ಸಣ್ಣ ಹೋಳು ಮಾಡಿ, ಬಾಣಲೆಯಲ್ಲಿ ಈರುಳ್ಳಿ, ಕರಿಬೇವು, ಮೆಣಸು ಹುರಿದ ಮೇಲೆ ಕೊನೆಯಲ್ಲಿ ಹಾಕಿ ಒಂದು ಸಲ ತಿರುವಿ ಇಳಿಸಿ.

ಸರಳು ಮತ್ತು ಫೋರ್ಕ್‌ಗಳನ್ನು ಉಗುರುಬೆಚ್ಚಗಿರುವಾಗಲೇ ಸೋಪು ನೀರಲ್ಲಿ ನೆನೆಹಾಕಿ. ಒಣಗಿದ ಮೇಲೆ ಉಜ್ಜುವುದು ಕಷ್ಟ. ಚೆನ್ನಾಗಿ ಒರೆಸಿ, ಸ್ಕ್ರೂಗಳನ್ನು ಫೋರ್ಕ್‌ಗಳಿಗೇ ತಿರುಗಿಸಿ ಇಡಿ. ಬೇರೆ ಇಟ್ಟರೆ ಮುಂದಿನ ಸಲಕ್ಕೆ ಒಂದು ಕಳೆದಿರುತ್ತದೆ.